ಅಮ್ಮನ ಫೋಟೊ ತೋರಿಸಿ ‘ಇದೇ ಜಡೆ ಹಾಕಿ’ ಅಂದರೆ

ಕಾಲೇಜುಗಳಲ್ಲಿ ಹಳೇ ಕಾಲದ ಹಾಗೆ ಸಿಂಗರಿಸಿಕೊಂಡು ಬರುವ ರೆಟ್ರೊ ಡೇ ಬಂತೆಂದರೆ ತುಮಕೂರಿನ ನಮ್ಮ ಪಾರ್ಲರಿಗೆ ಹುಡುಗಿಯರು ಅಮ್ಮನ ಹಳೇ ಫೋಟೊ ಹಿಡಿದು ಬರುತ್ತಾರೆ. ತೊಂಬತ್ತರ ದಶಕದ ಸ್ಕೂಲ್ ಫೋಟೊ: ಕಿವಿಯ ಹಿಂದಕ್ಕೆ ಮಡಚಿ ಕಟ್ಟಿದ ಎರಡು ಜಡೆ, ಮೇಲೆ ಟೇಪಿನ ಹೂವು. “ಸಿಂಪಲ್ ಅಲ್ವಾ ಆಂಟಿ?” ಅನ್ನುತ್ತಾರೆ. ಏನೂ ಸಿಂಪಲ್ ಅಲ್ಲಮ್ಮ!

ಆ ಜಡೆ ನಿಲ್ಲುತ್ತಿದ್ದುದೇ ಸಮನಾಗಿ ಬೆಳೆದ ಕೂದಲು ಮತ್ತು ಕೊಬ್ಬರಿ ಎಣ್ಣೆಯ ಬಲದಿಂದ. ಈಗ ಬಹುತೇಕ ಎಲ್ಲರದ್ದೂ ಲೇಯರ್ ಕಟ್. ಹೆಣೆಯುತ್ತಾ ಹೋದಂತೆ ಗಿಡ್ಡ ತುದಿಗಳು ಮುಳ್ಳಿನ ಹಾಗೆ ಹೊರಗೆ ಬರುತ್ತವೆ. ಸ್ಟ್ರೈಟನಿಂಗ್ ಆಗಿದ್ದರಂತೂ ಟೇಪು ಜಾರಿ ಕೈಗೇ ಬರುತ್ತದೆ. ಅದಕ್ಕೇ ಹೇಳುವುದು, ಹಿಂದಿನ ದಿನವೇ ತಲೆಗೆ ಸ್ನಾನ ಮಾಡಿ ಬನ್ನಿ. ಅಂಗೈಗೆ ನಾಲ್ಕು ಹನಿ ಎಣ್ಣೆ ಸವರಿಕೊಂಡು ಕೂದಲಿಗೆ ಒರೆಸಿದರೆ ಹಿಡಿತ ಸಿಗುತ್ತದೆ.

ಬೈತಲೆಯನ್ನು ಬಾಚಣಿಗೆಯ ತುದಿಯಲ್ಲಿ ಹಣೆಯಿಂದ ಕತ್ತಿನವರೆಗೆ ನೇರವಾಗಿ ಎಳೆಯಬೇಕು. ಹಿಂದುಗಡೆ ಯಾರು ನೋಡುತ್ತಾರೆ ಅಂತ ಬಿಟ್ಟರೆ ಒಂದು ಜಡೆ ದಪ್ಪ, ಇನ್ನೊಂದು ಸಣಕಲು. ಅರ್ಧ ಜಡೆ ಹೆಣೆದ ಮೇಲೆ ಟೇಪನ್ನು ನಡುವಿಗೆ ಮಡಚಿ ಒಳಗಿಟ್ಟು, ಅದರ ಎರಡು ತುದಿಗಳನ್ನೂ ಮೂರು ಕಾಲುಗಳ ಪೈಕಿ ಎರಡಕ್ಕೆ ಸೇರಿಸಿ ಹೆಣೆಯಿರಿ. ಕೊನೆಯಲ್ಲಿ ಗಂಟು ಹಾಕಿ, ಜಡೆಯನ್ನು ಮೇಲಕ್ಕೆ ಮಡಚಿ, ಉಳಿದ ಟೇಪಿನಿಂದ ಬುಡದಲ್ಲೇ ಹೂವು ಕಟ್ಟಬೇಕು. ಸ್ಯಾಟಿನ್ ಟೇಪು ಹೊಳೆಯುತ್ತದೆ, ಆದರೆ ಬಿಚ್ಚಿಕೊಳ್ಳುತ್ತದೆ. ಚಿಕ್ಕಪೇಟೆ ಕಡೆಯ ಫ್ಯಾನ್ಸಿ ಸ್ಟೋರುಗಳಲ್ಲಿ ನೈಲಾನ್ ಟೇಪು ಕೇಳಿ ನೋಡಿ.

ಒಂದು ಎಚ್ಚರಿಕೆ. ಆಗ ಅಮ್ಮಂದಿರು ಕಣ್ಣು ಮೇಲಕ್ಕೆ ಹೋಗುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದರು, ಸಂಜೆವರೆಗೂ ಬಿಚ್ಚಬಾರದಲ್ಲ! ವರ್ಷಗಟ್ಟಲೆ ಹೀಗೆ ಎಳೆದರೆ ಹಣೆಯ ಅಂಚಿನಲ್ಲಿ ಕೂದಲು ತೆಳುವಾಗುತ್ತದೆ. ಚರ್ಮದ ಡಾಕ್ಟರು ಇದನ್ನು ಟ್ರ್ಯಾಕ್ಷನ್ ಅಲೋಪೇಶಿಯ ಅನ್ನುತ್ತಾರೆ. ಶುರುವಿನಲ್ಲೇ ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ಬುಡವೇ ಒಣಗಿದ ಮೇಲೆ ಎಣ್ಣೆ ಹಚ್ಚಿ ಏನೂ ಪ್ರಯೋಜನವಿಲ್ಲ. ಈಗಿನ ಬಿಗಿ ಪೋನಿಟೇಲ್ ಮಾಡುವುದೂ ಇದನ್ನೇ. ಬುಡದಲ್ಲಿ ನೋವಾದರೆ ಸಡಿಲ ಮಾಡಿ, ಅಷ್ಟೇ.

ಎರಡು ಮಣಿಯ ರಬ್ಬರ್ ಬ್ಯಾಂಡ್ ಕೇಳುವವರೂ ಇದ್ದಾರೆ. ಅದರ ಹೆಸರು ‘ಲವ್ ಇನ್ ಟೋಕಿಯೊ’. 1966ರ ಹಿಂದಿ ಸಿನಿಮಾದಲ್ಲಿ ಆಶಾ ಪಾರೇಖ್ ಹಾಕಿದ್ದು. ತೊಂಬತ್ತರಲ್ಲೂ ಮಕ್ಕಳ ತಲೆಯ ಮೇಲೆ ಇತ್ತು, ಈಗಲೂ ಸಿಗುತ್ತದೆ.

ಹಿಂದಿ ನಟಿ ಸಾಧನಾ ಹಾಗೆ ಹಣೆಯ ಮೇಲೆ ಮುಂಗೂದಲು ಬಿಡುವ ‘ಸಾಧನಾ ಕಟ್’ ಕೇಳಿದರೆ ಮಾತ್ರ ನಾನು ಕತ್ತರಿ ತೆಗೆಯುವುದಿಲ್ಲ. ಹಣೆಯ ಮೇಲೆ ಕತ್ತರಿಸಿದ ಮುಂಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಗಲ್ಲದ ಹತ್ತಿರ ಬರಲು ಒಂದು ವರ್ಷವೇ ಹಿಡಿಯುತ್ತದೆ, ಅಲ್ಲಿಯವರೆಗೂ ಕಣ್ಣಿಗೆ ಚುಚ್ಚುತ್ತಿರುತ್ತದೆ. ಒಂದು ದಿನದ ಕಾರ್ಯಕ್ರಮಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸಿಕೊಳ್ಳುವ ಮುಂಗೂದಲು (ಫ್ರಿಂಜ್) ಸಾಕು.