ಮಕ್ಕಳ ಅಂಕದಲ್ಲಿ ಮೇಷ್ಟ್ರ ಪಾಲೆಷ್ಟು?

ಕರ್ನಾಟಕದಲ್ಲಿ 2023ರ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 83.89 ಇತ್ತು. ಮರುವರ್ಷ ಅದು ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಆ ಒಂದು ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಒಟ್ಟಿಗೆ ಪಾಠ ಮಾಡುವುದನ್ನು ಮರೆಯಲಿಲ್ಲ. ಬದಲಾದದ್ದು ಪರೀಕ್ಷೆ ನಡೆಸುವ ರೀತಿ: 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಲಾಯಿತು. ಹೀಗಿದ್ದರೂ ಫಲಿತಾಂಶ ಬಂದ ಬೆನ್ನಲ್ಲೇ ಕಡಿಮೆ ಬಂದ ಶಾಲೆಗಳ ಪಟ್ಟಿ ತಯಾರಾಗುತ್ತದೆ, ವಿಷಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಹೋಗುತ್ತದೆ.

ಮಗು ತೆಗೆದ ಅಂಕದಲ್ಲಿ ಮನೆಯ ಪಾಲಿದೆ, ಹಿಂದಿನ ತರಗತಿಗಳ ಪಾಲಿದೆ, ಟ್ಯೂಷನ್ನಿನ ಪಾಲಿದೆ, ಪರೀಕ್ಷೆಯ ದಿನ ಜ್ವರ ಬಂದಿತ್ತೇ ಎಂಬುದರ ಪಾಲೂ ಇದೆ. ಇವನ್ನೆಲ್ಲ ಕಳೆದು ಶಿಕ್ಷಕರ ಪಾಲನ್ನಷ್ಟೇ ಬೇರ್ಪಡಿಸಲು ಸಾಧ್ಯವೇ? ಈ ಪ್ರಶ್ನೆಯ ಬೆನ್ನುಹತ್ತಿ ಅತಿ ದೂರ ಹೋದ ದೇಶ ಅಮೆರಿಕ. ಅಲ್ಲಿ ಕಲಿತ ಪಾಠ ನಮಗೂ ಬೇಕಾದದ್ದು.

ಟೆನೆಸ್ಸೀ ವಿಶ್ವವಿದ್ಯಾಲಯದ ವಿಲಿಯಂ ಸ್ಯಾಂಡರ್ಸ್ ಕೃಷಿ ಮತ್ತು ಪಶುತಳಿ ಸಂಶೋಧನೆಯ ಅಂಕಿಅಂಶಗಳಲ್ಲಿ ಪಳಗಿದವರು. ಅಲ್ಲಿ ಬಳಸುತ್ತಿದ್ದ ಲೆಕ್ಕಾಚಾರವನ್ನೇ ಅವರು ಶಾಲಾ ಪರೀಕ್ಷೆಗಳಿಗೆ ಅನ್ವಯಿಸಿದರು. 1992ರಲ್ಲಿ ಟೆನೆಸ್ಸೀ ರಾಜ್ಯ ಅದನ್ನು ಕಾನೂನಿಗೇ ಸೇರಿಸಿತು. 2009ರಲ್ಲಿ ಒಬಾಮ ಸರ್ಕಾರ 435 ಕೋಟಿ ಡಾಲರ್ ಅನುದಾನವನ್ನು ರಾಜ್ಯಗಳ ಮುಂದಿಟ್ಟು, ಮಕ್ಕಳ ಕಲಿಕೆಯ ಪ್ರಗತಿಯನ್ನು ಶಿಕ್ಷಕರ ಮೌಲ್ಯಮಾಪನಕ್ಕೆ ಜೋಡಿಸಲು ಉತ್ತೇಜನ ಕೊಟ್ಟಿತು. ಈ ವಿಧಾನಕ್ಕೆ 'ಮೌಲ್ಯವರ್ಧನೆ' ಅಳತೆ ಎನ್ನಬಹುದು. ಮಗು ಎಷ್ಟು ಅಂಕ ತೆಗೆಯಿತು ಎಂಬುದನ್ನು ಅದು ನೋಡುವುದಿಲ್ಲ, ನಿರೀಕ್ಷೆಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ತೆಗೆಯಿತು ಎಂಬುದನ್ನು ನೋಡುತ್ತದೆ.

ಲೆಕ್ಕ ಹೀಗೆ. ಮೊದಲು ಪ್ರತಿ ಮಗುವಿನ ಹಿಂದಿನ ವರ್ಷಗಳ ಅಂಕ ತೆಗೆದುಕೊಂಡು, ಅಂಥದೇ ಅಂಕವಿದ್ದ ಇತರ ಸಾವಿರಾರು ಮಕ್ಕಳು ಈ ವರ್ಷ ಸರಾಸರಿ ಎಷ್ಟು ತೆಗೆದರು ಎಂದು ನೋಡುತ್ತಾರೆ. ಅದು ಆ ಮಗುವಿನ ನಿರೀಕ್ಷಿತ ಅಂಕ. ನಿಜವಾಗಿ ಬಂದ ಅಂಕದಿಂದ ಅದನ್ನು ಕಳೆಯುತ್ತಾರೆ. ಒಂದು ತರಗತಿಯ ಎಲ್ಲ ಮಕ್ಕಳ ಈ ವ್ಯತ್ಯಾಸದ ಸರಾಸರಿಯೇ ಶಿಕ್ಷಕರ ಕಚ್ಚಾ ಅಂಕ. ಕೊನೆಯಲ್ಲಿ, ಮಕ್ಕಳು ಕಡಿಮೆ ಇದ್ದಷ್ಟೂ ಆ ಅಂಕವನ್ನು ಸೊನ್ನೆಯತ್ತ ಎಳೆಯುತ್ತಾರೆ, ಏಕೆಂದರೆ ಸಣ್ಣ ತರಗತಿಯ ಸರಾಸರಿಯನ್ನು ಪೂರ್ತಿ ನಂಬಲಾಗದು.

ಎಷ್ಟು ನಂಬಲಾಗದು? ಒಂದು ಉದಾಹರಣೆ ಕಟ್ಟೋಣ. 100 ಅಂಕದ ಗಣಿತ ಪರೀಕ್ಷೆ, ಮಕ್ಕಳ ಅಂಕಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 15. ಹಿಂದಿನ ವರ್ಷದ ಅಂಕಕ್ಕೂ ಈ ವರ್ಷದ ಅಂಕಕ್ಕೂ 0.8ರಷ್ಟು ಸಹಸಂಬಂಧ (1 ಎಂದರೆ ಪೂರ್ತಿ ಹೊಂದಿಕೆ) ಇದೆಯೆಂದುಕೊಳ್ಳಿ, ಇದು ಒಳ್ಳೆಯ ಪರೀಕ್ಷೆಯಲ್ಲಿ ಸಿಗುವಂಥ ಸಂಖ್ಯೆ. ಆಗಲೂ ಒಂದೊಂದು ಮಗುವಿನ ಅಂಕ ನಿರೀಕ್ಷೆಯಿಂದ ಸುಮಾರು 9 ಅಂಕ ಆಚೀಚೆ ಆಗುತ್ತದೆ. 25 ಮಕ್ಕಳ ಸರಾಸರಿ ತೆಗೆದರೆ ಈ ಏರುಪೇರು 25ರ ವರ್ಗಮೂಲದಿಂದ ಭಾಗವಾಗಿ 1.8ಕ್ಕೆ ಇಳಿಯುತ್ತದೆ. 9 ಮಕ್ಕಳಿದ್ದರೆ 3. ಇನ್ನು ಶಿಕ್ಷಕರ ನಡುವಿನ ನಿಜವಾದ ವ್ಯತ್ಯಾಸ: ಹೆಚ್ಚಿನ ಅಧ್ಯಯನಗಳು ಅದನ್ನು ಮಕ್ಕಳ ಅಂಕಗಳ ಮಾನಕ ವಿಚಲನೆಯ 0.10ರಿಂದ 0.20 ಭಾಗ ಎನ್ನುತ್ತವೆ. ನಮ್ಮ ಪರೀಕ್ಷೆಯಲ್ಲಿ ಅದು 2.2 ಅಂಕ ಎಂದಿಟ್ಟುಕೊಳ್ಳೋಣ.

ಈಗ 25 ಮಕ್ಕಳ ಶಿಕ್ಷಕಿಗೆ ಕಚ್ಚಾ ಅಂಕ +4 ಬಂದರೆ ಅದರಲ್ಲಿ ಶೇ. 60ರಷ್ಟನ್ನು ಮಾತ್ರ ಆಕೆಯದೆಂದು ಎಣಿಸಬೇಕು (ನಿಜವಾದ ವ್ಯತ್ಯಾಸ 2.2ರ ವರ್ಗವನ್ನು, 2.2 ಮತ್ತು ಏರುಪೇರು 1.8ರ ವರ್ಗಗಳ ಮೊತ್ತದಿಂದ ಭಾಗಿಸಿದರೆ ಸಿಗುವುದು ಇದು), ಅಂದರೆ +2.4. ಅದೇ +4 ಅಂಕ 9 ಮಕ್ಕಳ ಶಾಲೆಯಲ್ಲಿ ಬಂದರೆ ಆಕೆಯ ಪಾಲು +1.4. ಉಳಿದದ್ದು ಆ ವರ್ಷದ ಅದೃಷ್ಟ. 9 ಮಕ್ಕಳ ಶಾಲೆಯಲ್ಲಿ +4 ಎಂಬುದರ ಶೇ. 95ರ ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಅಂಕ ಇರಬಹುದಾದ ಹರವು, −2ರಿಂದ +10ರವರೆಗೆ ಹರಡಿಕೊಳ್ಳುತ್ತದೆ. ಒಂದೇ ಸಂಖ್ಯೆ 'ಸಾಧಾರಣಕ್ಕಿಂತ ಕಡಿಮೆ' ಎಂದೂ 'ಅತ್ಯುತ್ತಮ' ಎಂದೂ ಓದಿಸಿಕೊಳ್ಳುತ್ತದೆ. ಇದೂ ಉದಾರ ಲೆಕ್ಕ. ಪರೀಕ್ಷೆಯ ದಿನ ಪಕ್ಕದ ಓಣಿಯಲ್ಲಿ ಜಾತ್ರೆ ಇದ್ದರೆ ಇಡೀ ತರಗತಿಯ ಅಂಕ ಒಟ್ಟಿಗೆ ಇಳಿಯುತ್ತದೆ, ಅಂಥದ್ದನ್ನು ಈ ವರ್ಗಮೂಲದ ಲೆಕ್ಕ ಹಿಡಿಯುವುದೇ ಇಲ್ಲ.

ನ್ಯೂಯಾರ್ಕ್ ನಗರದಲ್ಲಿ ಇದೇ ಆಯಿತು. 2012ರ ಫೆಬ್ರವರಿಯಲ್ಲಿ ಸುಮಾರು 18,000 ಶಿಕ್ಷಕರ ಅಂಕಗಳನ್ನು ಹೆಸರು ಸಮೇತ ಬಹಿರಂಗಪಡಿಸಲಾಯಿತು. 100 ಸ್ಥಾನಗಳ ಶ್ರೇಣಿಯಲ್ಲಿ ಕೊಟ್ಟ ಆ ಅಂಕಗಳ ದೋಷದ ಹರವು ಸರಾಸರಿ ಎಷ್ಟಿತ್ತೆಂದರೆ ಗಣಿತದಲ್ಲಿ 35 ಸ್ಥಾನ, ಇಂಗ್ಲಿಷ್‌ನಲ್ಲಿ 53 ಸ್ಥಾನ. ಪತ್ರಿಕೆಗಳಲ್ಲಿ ಅಚ್ಚಾದದ್ದು ನಡುವಿನ ಸಂಖ್ಯೆ, ಓದುಗರ ಮನಸ್ಸಿನಲ್ಲಿ ನಿಂತದ್ದೂ ಅದೇ. ಅಮೆರಿಕದ ಶಿಕ್ಷಣ ಇಲಾಖೆಗಾಗಿ 2010ರಲ್ಲಿ ಪೀಟರ್ ಶೋಕೆಟ್ ಮತ್ತು ಹ್ಯಾನ್ಲಿ ಚಿಯಾಂಗ್ ಮಾಡಿದ ಲೆಕ್ಕದ ಪ್ರಕಾರ, ಒಂದು ವರ್ಷದ ಅಂಕ ನೋಡಿ ಶಿಕ್ಷಕರನ್ನು ಸರಾಸರಿಯೊಂದಿಗೆ ಹೋಲಿಸಿದರೆ ತೀರ್ಪು ತಪ್ಪುವ ಸಂಭವ ಸುಮಾರು ಶೇ. 35. ಮೂರು ವರ್ಷದ ಅಂಕ ಸೇರಿಸಿದರೂ ಶೇ. 25.

ಇದಕ್ಕಿಂತ ಕಣ್ಣು ತೆರೆಸುವ ಪರೀಕ್ಷೆಯೊಂದು 2019ರಲ್ಲಿ ಬಂತು. ಮರಿಯಾನ್ನೆ ಬಿಟ್ಲರ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಮಕ್ಕಳ ಎತ್ತರದ ದಾಖಲೆ ತೆಗೆದುಕೊಂಡು, ಅಂಕಗಳಿಗೆ ಬಳಸುವ ಅದೇ ಸೂತ್ರವನ್ನು ಎತ್ತರಕ್ಕೆ ಹಾಕಿದರು. ಮಕ್ಕಳ ಎತ್ತರದ ಮೇಲೆ ಶಿಕ್ಷಕರ 'ಪ್ರಭಾವ' ಗಣಿತ ಮತ್ತು ಓದಿನ ಮೇಲಿನ ಪ್ರಭಾವದ ಹತ್ತಿರಹತ್ತಿರಕ್ಕೇ ಬಂತು! ಯಾವ ಶಿಕ್ಷಕರೂ ಮಕ್ಕಳನ್ನು ಎತ್ತರ ಮಾಡಲಾರರು. ಸಣ್ಣ ತರಗತಿಗಳ ಏರುಪೇರನ್ನೇ ಸೂತ್ರ ಶಿಕ್ಷಕರ ಹೆಸರಿಗೆ ಬರೆದಿತ್ತು. ಹಲವು ವರ್ಷಗಳ ತರಗತಿಗಳನ್ನು ಜೋಡಿಸಿ, ವರ್ಷದಿಂದ ವರ್ಷಕ್ಕೆ ಉಳಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಾಗ ಎತ್ತರದ ಪ್ರಭಾವ ಮಾಯವಾಯಿತು.

ಹಾಗಾದರೆ ಈ ಅಳತೆಯೇ ಸುಳ್ಳೇ? ಅಲ್ಲ. ರಾಜ್ ಚೆಟ್ಟಿ, ಜಾನ್ ಫ್ರೀಡ್‌ಮನ್ ಮತ್ತು ಜೋನಾ ರಾಕಾಫ್ 2014ರಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳ ಶಾಲಾ ದಾಖಲೆಗಳನ್ನು ಅವರು ದೊಡ್ಡವರಾದ ಮೇಲಿನ ತೆರಿಗೆ ದಾಖಲೆಗಳ ಜೊತೆ ಜೋಡಿಸಿ ನೋಡಿದರು. ಹೆಚ್ಚು ಮೌಲ್ಯವರ್ಧನೆಯ ಶಿಕ್ಷಕರ ಕೈಯಲ್ಲಿ ಕಲಿತ ಮಕ್ಕಳು ಕಾಲೇಜು ಸೇರಿದ್ದು ಹೆಚ್ಚು, ಸಂಪಾದಿಸಿದ್ದೂ ಹೆಚ್ಚು. ಒಳ್ಳೆಯ ಶಿಕ್ಷಕಿಯೊಬ್ಬರು ಮಗುವಿನ ಬದುಕನ್ನೇ ಬದಲಿಸಬಲ್ಲರು ಎಂಬ ನಮ್ಮೆಲ್ಲರ ಅನಿಸಿಕೆಗೆ ಅಷ್ಟು ದೊಡ್ಡ ಪುರಾವೆ ಹಿಂದೆ ಇರಲಿಲ್ಲ. ಆದರೆ ಆ ಪುರಾವೆ ಸಾವಿರಾರು ಶಿಕ್ಷಕರನ್ನು ಒಟ್ಟಿಗೆ ನೋಡಿದಾಗ ಸಿಕ್ಕದ್ದು. ಗುಂಪಿನಲ್ಲಿ ಒಬ್ಬರ ಅದೃಷ್ಟ ಇನ್ನೊಬ್ಬರ ದುರದೃಷ್ಟದೊಂದಿಗೆ ವಜಾ ಆಗುತ್ತದೆ. ನಿಮ್ಮೂರಿನ ಏಳನೇ ತರಗತಿಯ ಒಬ್ಬ ಶಿಕ್ಷಕಿಯ ವಿಷಯದಲ್ಲಿ ವಜಾ ಆಗಲು ಇನ್ನೊಬ್ಬರಿಲ್ಲ. ಅಂಕ ಆಧರಿಸಿದ ಮೌಲ್ಯಮಾಪನದ ಬಹಳಷ್ಟು ಎಡವಟ್ಟುಗಳು ಹುಟ್ಟುವುದು 'ಶಿಕ್ಷಕರಿಂದ ವ್ಯತ್ಯಾಸವಾಗುತ್ತದೆಯೇ', 'ಈ ಒಬ್ಬ ಶಿಕ್ಷಕಿ ಹೇಗೆ' ಎಂಬ ಎರಡು ಪ್ರಶ್ನೆಗಳನ್ನು ಬೆರೆಸಿದ್ದರಿಂದ.

ಇನ್ನೊಂದು ತೊಡಕು, ಯಾವ ಮಗು ಯಾರ ತರಗತಿಗೆ ಎಂಬುದು ಚೀಟಿ ಎತ್ತಿ ನಿರ್ಧಾರವಾಗುವುದಿಲ್ಲ. ಜೆಸ್ಸಿ ರಾತ್‌ಸ್ಟೀನ್ ನಾರ್ತ್ ಕ್ಯಾರೊಲಿನಾದ ದಾಖಲೆಗಳಲ್ಲಿ ಐದನೇ ತರಗತಿಯ ಶಿಕ್ಷಕರು ತಮ್ಮ ಮಕ್ಕಳ ನಾಲ್ಕನೇ ತರಗತಿಯ ಪ್ರಗತಿಯ ಮೇಲೂ 'ಪ್ರಭಾವ' ಬೀರಿದಂತೆ ಕಂಡದ್ದನ್ನು 2010ರಲ್ಲಿ ತೋರಿಸಿದರು. ಮುಂದಿನ ವರ್ಷದ ಶಿಕ್ಷಕರು ಹಿಂದಿನ ವರ್ಷವನ್ನು ಬದಲಿಸಲು ಸಾಧ್ಯವಿಲ್ಲ. ಮಕ್ಕಳನ್ನು ಸೆಕ್ಷನ್‌ಗಳಿಗೆ ಹಂಚುವಾಗಲೇ ಆಯ್ಕೆ ನಡೆದಿತ್ತು ಎಂದಷ್ಟೇ ಇದರ ಅರ್ಥ. ಕಲಿಕೆಯಲ್ಲಿ ಹಿಂದಿರುವ ಮಕ್ಕಳನ್ನೆಲ್ಲ 'ಬಿ' ಸೆಕ್ಷನ್‌ಗೆ ತುಂಬುವ ಶಾಲೆಗಳು ನಮ್ಮಲ್ಲೂ ಇವೆ. ನಲಿ-ಕಲಿಯಲ್ಲಂತೂ 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ಬಹಳ ಕಡೆ ಒಬ್ಬರೇ ಶಿಕ್ಷಕರ ಬಳಿ ಕೂರುತ್ತಾರೆ. ಅಲ್ಲಿ ಹೋಲಿಸಲು 'ಹಿಂದಿನ ವರ್ಷದ ಶಿಕ್ಷಕರು' ಎಂಬುವವರೇ ಇರುವುದಿಲ್ಲ.

ಅಂಕಕ್ಕೆ ಕೆಲಸವನ್ನೇ ಕಟ್ಟಿಹಾಕಿದಾಗ ಏನಾಗುತ್ತದೆ ಎಂಬುದಕ್ಕೆ ಅಟ್ಲಾಂಟಾ ಸಾಕ್ಷಿ. 2011ರ ರಾಜ್ಯ ತನಿಖೆ 44 ಶಾಲೆಗಳಲ್ಲಿ ಅಕ್ರಮ ಪತ್ತೆಹಚ್ಚಿ 178 ಶಿಕ್ಷಕರು ಮತ್ತು ಮುಖ್ಯಶಿಕ್ಷಕರನ್ನು ಹೆಸರಿಸಿತು. ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪನ್ನು ಅಳಿಸಿ ಸರಿಯುತ್ತರ ತುಂಬಲಾಗಿತ್ತು. ತಪ್ಪಿನಿಂದ ಸರಿಗೆ ಅಳಿಸಿದ ಗುರುತುಗಳು ಕೆಲವು ತರಗತಿಗಳಲ್ಲಿ ಅಸಹಜವಾಗಿ ಹೆಚ್ಚಿದ್ದದ್ದೇ ಸುಳಿವು. ಹೂಸ್ಟನ್‌ನಲ್ಲಿ ಬೇರೆಯದೇ ತೊಂದರೆ: ಸೂತ್ರ ಖಾಸಗಿ ಕಂಪನಿಯ ಗುಟ್ಟು. ತಮ್ಮ ಅಂಕ ಹೇಗೆ ಬಂತೆಂದು ಪರಿಶೀಲಿಸಲು ಶಿಕ್ಷಕರಿಗೆ ದಾರಿಯೇ ಇರಲಿಲ್ಲ. ಅಂಥ ಅಂಕದ ಮೇಲೆ ಕೆಲಸದಿಂದ ತೆಗೆಯುವುದು ನ್ಯಾಯಸಮ್ಮತ ಪ್ರಕ್ರಿಯೆಯೇ ಎಂಬ ಪ್ರಶ್ನೆ ವಿಚಾರಣೆಗೆ ಅರ್ಹ ಎಂದು 2017ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಬಳಿಕ ರಾಜಿಯಾಯಿತು.

ಅಂಕ ಬೇಡವೆಂದರೆ ಉಳಿಯುವುದು ತರಗತಿ ವೀಕ್ಷಣೆ. ಅದನ್ನು ನಾವು ಬಹಳ ಹಗುರವಾಗಿ ತೆಗೆದುಕೊಂಡಿದ್ದೇವೆ. ಭೇಟಿ ಪುಸ್ತಕದಲ್ಲಿ 'ಬೋಧನೆ ತೃಪ್ತಿಕರ' ಎಂದು ಬರೆದು ಸಹಿ ಹಾಕುವುದು ವೀಕ್ಷಣೆಯಲ್ಲ. ಸರಿಯಾದ ವೀಕ್ಷಣೆಯಲ್ಲಿ ಮೊದಲು ಪುರಾವೆ, ಅಂಕ ಆಮೇಲೆ. ನಾಲ್ಕನೇ ತರಗತಿಯಲ್ಲಿ ಭಿನ್ನರಾಶಿ ಪಾಠ ನಡೆದಿದೆ ಎನ್ನೋಣ. ಶಿಕ್ಷಕರು '1/4 ದೊಡ್ಡದೋ 1/5 ದೊಡ್ಡದೋ' ಎಂದು ಕೇಳುತ್ತಾರೆ. ಮುಂದಿನ ಸಾಲಿನ ಹುಡುಗಿ '1/5, ಸರ್, 5 ದೊಡ್ಡದಲ್ವಾ' ಎನ್ನುತ್ತಾಳೆ. ವೀಕ್ಷಕರು ಬರೆದುಕೊಳ್ಳಬೇಕಾದದ್ದು ಇದರ ಮುಂದಿನ ಅರ್ಧ ನಿಮಿಷ. ಶಿಕ್ಷಕರು 'ತಪ್ಪು, ಬೇರೆ ಯಾರು ಹೇಳ್ತೀರಿ' ಎಂದರೇ, ಇಲ್ಲವೇ ಒಂದು ರೊಟ್ಟಿಯ ಚಿತ್ರ ಬರೆದು ನಾಲ್ಕು ಮಂದಿಗೆ, ಐದು ಮಂದಿಗೆ ಹಂಚಿ, ಅವಳ ಕೈಯಲ್ಲೇ ಉತ್ತರ ತಿದ್ದಿಸಿದರೇ? ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾದರು? ಹಿಂದಿನ ಬೆಂಚಿನವರಲ್ಲಿ ಎಷ್ಟು ಮಂದಿಗೆ ಮಾತು ಸಿಕ್ಕಿತು? ಗಡಿಯಾರದ ಸಮಯ ಹಾಕಿ, ಆಡಿದ ಮಾತನ್ನು ಹಾಗೇ ಬರೆದುಕೊಂಡು, ತರಗತಿಯಿಂದ ಹೊರಬಂದ ಮೇಲಷ್ಟೇ ಮಾಪಕದ ವಿವರಣೆಯ ಜೊತೆ ಹೋಲಿಸಿ ಹಂತ ಗುರುತಿಸಬೇಕು. ಎನ್‌ಸಿಇಆರ್‌ಟಿಯ ಪಿಂಡಿಕ್ಸ್ ಎಂಬ ಶಿಕ್ಷಕರ ಕಾರ್ಯಕ್ಷಮತೆಯ ಮಾಪಕದಲ್ಲಿ ಇಂಥ ನಾಲ್ಕು ಹಂತಗಳಿವೆ.

ವೀಕ್ಷಣೆಯಲ್ಲೂ ದೋಷವಿದೆ. ಗೇಟ್ಸ್ ಪ್ರತಿಷ್ಠಾನ ಸುಮಾರು 3,000 ಶಿಕ್ಷಕರ ತರಗತಿಗಳ ಮೇಲೆ ನಡೆಸಿದ ಅಧ್ಯಯನದ ಪ್ರಕಾರ, ಒಬ್ಬರು ಒಂದೇ ಪಾಠ ನೋಡಿ ಕೊಟ್ಟ ಅಂಕ ಭರವಸೆಗೆ ಅರ್ಹವಲ್ಲ. ಅದೇ ವೀಕ್ಷಕರು ಇನ್ನೊಂದು ಪಾಠ ನೋಡುವುದಕ್ಕಿಂತ ಬೇರೆಯವರೊಬ್ಬರು ಬಂದು ನೋಡಿದರೆ ಲಾಭ ಹೆಚ್ಚು. ಪಾಠದ ಮೊದಲ 15 ನಿಮಿಷದ ವೀಕ್ಷಣೆಯೂ ಬಹಳಷ್ಟು ಹೇಳುತ್ತದೆ. ಚುರುಕು ಮಕ್ಕಳ ತರಗತಿ ಸಿಕ್ಕ ಶಿಕ್ಷಕರಿಗೆ ವೀಕ್ಷಕರು ಹೆಚ್ಚು ಅಂಕ ಕೊಡುವುದನ್ನು ಬ್ರೂಕಿಂಗ್ಸ್ ಸಂಸ್ಥೆಯ 2014ರ ವರದಿ ತೋರಿಸಿತು. ಇನ್ನು ಮುಖ್ಯಶಿಕ್ಷಕರ ದಾಕ್ಷಿಣ್ಯ. ಅಮೆರಿಕದ 24 ರಾಜ್ಯಗಳು ಹೊಸ ಪದ್ಧತಿ ತಂದ ಮೇಲೂ, ಅವುಗಳಲ್ಲಿ ಹೆಚ್ಚಿನವುಗಳಲ್ಲಿ 'ಅತೃಪ್ತಿಕರ' ಎನಿಸಿಕೊಂಡವರು ಶೇ. 1ಕ್ಕಿಂತ ಕಡಿಮೆ. ದಿನವೂ ಜೊತೆಗೆ ಕೂತು ಊಟ ಮಾಡುವವರ ಬಗ್ಗೆ ಕೆಟ್ಟ ವರದಿ ಬರೆಯುವುದು ಯಾವ ದೇಶದಲ್ಲೂ ಸುಲಭವಲ್ಲ.

ಫಲ ಕೊಟ್ಟ ಪ್ರಯೋಗ ಸಿನ್ಸಿನಾಟಿ ನಗರದ್ದು. ಅಲ್ಲಿ ವರ್ಷಕ್ಕೆ ನಾಲ್ಕು ವೀಕ್ಷಣೆ. ಮೂರನ್ನು ತರಬೇತಿ ಪಡೆದ, ಬೇರೆ ಶಾಲೆಯ ಹಿರಿಯ ಶಿಕ್ಷಕರು ಮಾಡುತ್ತಿದ್ದರು, ಒಂದನ್ನು ಮುಖ್ಯಶಿಕ್ಷಕರು. ಭೇಟಿಯ ಬಳಿಕ ಬರಹದಲ್ಲಿ ಹಿಮ್ಮಾಹಿತಿ, ಎದುರು ಕೂತು ಚರ್ಚೆ. ಎರಿಕ್ ಟೇಲರ್ ಮತ್ತು ಜಾನ್ ಟೈಲರ್ 2012ರಲ್ಲಿ ಪ್ರಕಟಿಸಿದಂತೆ, ವೃತ್ತಿಯ ನಡುಹಂತದಲ್ಲಿದ್ದ ಶಿಕ್ಷಕರ ತರಗತಿಯ ಮಕ್ಕಳ ಗಣಿತ ಮೌಲ್ಯಮಾಪನದ ವರ್ಷದಲ್ಲೂ ಸುಧಾರಿಸಿತು, ಅದು ಮುಗಿದ ನಂತರದ ವರ್ಷಗಳಲ್ಲಿ ಇನ್ನೂ ಹೆಚ್ಚು ಸುಧಾರಿಸಿತು. ಭಯವೇ ಕಾರಣವಾಗಿದ್ದರೆ ವೀಕ್ಷಕರು ಹೋದ ಮೇಲೆ ಪರಿಣಾಮ ಇಳಿಯಬೇಕಿತ್ತು. ಶಿಕ್ಷಕರು ಏನನ್ನೋ ಕಲಿತಿದ್ದರು.

ನಮ್ಮ ನೆರೆಯ ಆಂಧ್ರದಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಜೊತೆ 300 ಸರ್ಕಾರಿ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಇನ್ನೊಂದು ಬಗೆಯದು. ಸರಾಸರಿ ಅಂಕ ಶೇ. 5ಕ್ಕಿಂತ ಮೇಲೆ ಏರಿದ ಪ್ರತಿ ಶೇ. 1ಕ್ಕೆ ಶಿಕ್ಷಕರಿಗೆ 500 ರೂಪಾಯಿ ಬೋನಸ್. ಎರಡು ವರ್ಷದಲ್ಲಿ ಗಣಿತ 0.27, ಭಾಷೆ 0.17 ಮಾನಕ ವಿಚಲನೆಯಷ್ಟು ಮೇಲೇರಿತು. ಪರೀಕ್ಷೆ ನಡೆಸಿದವರು ಹೊರಗಿನವರು, ಶಿಕ್ಷೆ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಶಿಕ್ಷಕರ ಗೈರುಹಾಜರಿ ಮಾತ್ರ ಬದಲಾಗಲಿಲ್ಲ. ಬದಲಾದದ್ದು ಶಾಲೆಗೆ ಬಂದವರ ಕೆಲಸ: ಹೆಚ್ಚುವರಿ ತರಗತಿ, ಮನೆಗೆಲಸ, ಅಭ್ಯಾಸ ಪರೀಕ್ಷೆ. ಹಾಜರಿ ಪುಸ್ತಕ, ಬಯೊಮೆಟ್ರಿಕ್ ಯಂತ್ರಗಳಿಂದ ಶಿಕ್ಷಕರನ್ನು ಅಳೆಯಲು ಹೊರಟವರು ಗಮನಿಸಬೇಕಾದ ಅಂಶ ಇದು. ಅದೇ ಪ್ರತಿಷ್ಠಾನ 2017ರಲ್ಲಿ ಆರು ರಾಜ್ಯಗಳಲ್ಲಿ ನೋಡಿದಾಗ ಭೇಟಿಯ ದಿನ ಶಾಲೆಯಲ್ಲಿ ಇಲ್ಲದ ಶಿಕ್ಷಕರು ಶೇ. 18.5ರಷ್ಟಿದ್ದರು. ರಜೆ, ತರಬೇತಿ, ಇಲಾಖೆಯ ಕೆಲಸಕ್ಕೆ ಹೋದವರನ್ನು ಬಿಟ್ಟು ಕಾರಣವಿಲ್ಲದೆ ಗೈರಾದವರು ಶೇ. 2.5 ಮಾತ್ರ.

ಸಿನ್ಸಿನಾಟಿಯ ರೀತಿ, ಅಕ್ಕಪಕ್ಕದ ಶಾಲೆಗಳ ಗುಂಪಾದ ನಮ್ಮ ಕ್ಲಸ್ಟರ್‌ಗೆ ಹೊಂದೀತೇ? ಒಂದು ಕ್ಲಸ್ಟರ್‌ನಲ್ಲಿ 50 ಶಿಕ್ಷಕರಿದ್ದಾರೆ ಎಂದುಕೊಂಡರೆ ತಲಾ ನಾಲ್ಕರಂತೆ ವರ್ಷಕ್ಕೆ 200 ವೀಕ್ಷಣೆ. ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕಕ್ಕೆ ನಿಗದಿಪಡಿಸಿದ ಶಾಲಾ ದಿನಗಳೂ 200. ಅಂದರೆ ದಿನಕ್ಕೊಂದು ಭೇಟಿ, 20 ನಿಮಿಷ ತರಗತಿ, ಅರ್ಧ ಗಂಟೆ ಮಾತುಕತೆ. ಇದರಲ್ಲಿ ಅರ್ಧವನ್ನು ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಇನ್ನರ್ಧವನ್ನು ಪಕ್ಕದ ಶಾಲೆಯ ಅನುಭವಿ ಶಿಕ್ಷಕರು ಮಾಡಿದರೆ ಇಬ್ಬರ ಕಣ್ಣೂ ಸಿಗುತ್ತದೆ. ಆ ಶಿಕ್ಷಕರು ಹೊರಟ ದಿನ ಅವರ ತರಗತಿಗೆ ಬದಲಿ ವ್ಯವಸ್ಥೆ ಬೇಕು. ಏಕೋಪಾಧ್ಯಾಯ ಶಾಲೆಯವರನ್ನು ಇದಕ್ಕೆ ಕರೆಯುವಂತಿಲ್ಲ. ಸಿಆರ್‌ಪಿಯ ದಿನವನ್ನು ಅಂಕಿಅಂಶ ತುಂಬುವ ಕೆಲಸದಿಂದ ಬಿಡಿಸಬೇಕು. ವೀಕ್ಷಣೆ ಶುರುವಾಗುವ ಮೊದಲು ಇಬ್ಬರೂ ಒಂದೇ ಪಾಠದ ವಿಡಿಯೊ ನೋಡಿ ಬೇರೆಬೇರೆಯಾಗಿ ಅಂಕ ಕೊಟ್ಟು ಹೋಲಿಸಿಕೊಳ್ಳಬೇಕು. ಒಂದು ಹಂತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾಪಕವನ್ನು ಮತ್ತೆ ಓದಿ, ಇನ್ನೊಂದು ವಿಡಿಯೊ ನೋಡಿ ಅಂಕ ಹಾಕಬೇಕು.