ಸೋತವಳು ಕಟ್ಟಿದ ಲೆಕ್ಕ

ಹವ್ಯಾಸಿ ಗಾಲ್ಫ್ ಪಂದ್ಯಾವಳಿಗಳಲ್ಲಿ ಸ್ಕೋರ್ ಕಾರ್ಡುಗಳನ್ನು ಪರಿಶೀಲಿಸಿ ಆಟಗಾರರ ಹ್ಯಾಂಡಿಕ್ಯಾಪ್, ಎಂದರೆ ಅವರವರ ಮಟ್ಟಕ್ಕೆ ತಕ್ಕಂತೆ ಒಟ್ಟು ಹೊಡೆತಗಳಿಂದ ಕಳೆಯುವ ಸಂಖ್ಯೆ, ನಿಗದಿಪಡಿಸುವುದು ನನ್ನ ಕೆಲಸ. ಗಾಲ್ಫ್‌ನಲ್ಲಿ ಕಡಿಮೆ ಹೊಡೆತದವರೇ ಮೇಲು. ತೊಂಬತ್ತು ಹೊಡೆತಗಳಲ್ಲಿ ಆಟ ಮುಗಿಸಿದವರಿಗೆ ಹದಿನೆಂಟರ ಹ್ಯಾಂಡಿಕ್ಯಾಪ್ ಇದ್ದರೆ ಅವರ ಲೆಕ್ಕ ಎಪ್ಪತ್ತೆರಡಕ್ಕೆ ಇಳಿಯುತ್ತದೆ. ನುರಿತವರೂ ಕಲಿಯುತ್ತಿರುವವರೂ ಒಂದೇ ಸ್ಪರ್ಧೆಯಲ್ಲಿ ಎದುರುಬದುರಾಗಲು ಸಾಧ್ಯವಾಗುವುದು ಈ ಸರಳ ಕಳೆಯುವ ಲೆಕ್ಕದಿಂದ. ಮೇಜಿನ ಮುಂದೆ ನಿಂತು ತಕರಾರು ತೆಗೆಯುವವರಲ್ಲಿ ಹೆಚ್ಚಿನವರಿಗೆ ಗೊತ್ತಿರದ ಸಂಗತಿಯೆಂದರೆ, ಈ ಲೆಕ್ಕವನ್ನು ಕ್ಲಬ್ಬಿನ ಗೋಡೆಯಾಚೆ ಒಯ್ದು ದೇಶಕ್ಕೆಲ್ಲ ಒಂದೇ ಅಳತೆಗೋಲಾಗಿಸುವ ಕೆಲಸದಲ್ಲಿ ಬ್ರಿಟನ್ನಿನ ಮಹಿಳೆಯರು ಅಲ್ಲಿನ ಪುರುಷರಿಗಿಂತ ಮುಂದಿದ್ದರು ಎಂಬುದು. ಮಹಿಳಾ ಗಾಲ್ಫ್‌ನ ಆರಂಭದ ಚರಿತ್ರೆಯನ್ನು ಗೆದ್ದವರ ಪಟ್ಟಿಯಾಗಿ ಓದುವುದು ವಾಡಿಕೆ. ನಾನು ಅದನ್ನು ಅಳತೆಗೋಲಿನ ಕಥೆಯಾಗಿ ಓದುತ್ತೇನೆ.

ಸ್ಪರ್ಧೆಯ ಆಸೆ ಹಳೆಯದು. ಸ್ಕಾಟ್ಲೆಂಡಿನ ಮಸಲ್‌ಬರದ ಗಾಲ್ಫ್ ಕ್ಲಬ್ ಮೀನು ಮಾರುವ ಹೆಂಗಸರ ನಡುವಿನ ಪಂದ್ಯಕ್ಕೆ ಹೊಸ ಮೀನುಬುಟ್ಟಿಯನ್ನೂ ಬಾರ್ಸಿಲೋನಾದ ರೇಷ್ಮೆ ಕರವಸ್ತ್ರಗಳನ್ನೂ ಬಹುಮಾನವಾಗಿ ಇಡಲು ನಿರ್ಧರಿಸಿದ್ದು 1810ರ ಡಿಸೆಂಬರಿನಲ್ಲಿ. ದುಡಿಮೆಯ ಹೆಂಗಸರಿಗೆ ಕೋಲು ಬೀಸಲು ಯಾರ ಅಡ್ಡಿಯೂ ಇರಲಿಲ್ಲ. ಅಡ್ಡಿ ಬಂದದ್ದು ಆಟ ಮೇಲ್ವರ್ಗದ ಮನೆಗಳನ್ನು ಹೊಕ್ಕಾಗ. 1867ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಮಹಿಳೆಯರ ಕ್ಲಬ್ ಹುಟ್ಟಿತಾದರೂ ಅವರಿಗೆ ಸಿಕ್ಕಿದ್ದು ದಿಬ್ಬ ತಗ್ಗುಗಳ ಒಂದು ಪಟ್ಟಿಂಗ್ ಅಂಗಳ ಮಾತ್ರ; ಚೆಂಡನ್ನು ಮೆಲ್ಲಗೆ ಉರುಳಿಸಬಹುದಿತ್ತು, ಭುಜದ ಮೇಲಕ್ಕೆ ಕೋಲೆತ್ತಿ ಹೊಡೆಯುವುದು ಮರ್ಯಾದಸ್ಥ ಹೆಂಗಸಿಗೆ ತಕ್ಕದ್ದಲ್ಲ ಎಂಬ ಭಾವನೆಯಿತ್ತು. 1890ರಲ್ಲಿಯೂ ಲಾರ್ಡ್ ವೆಲ್‌ವುಡ್ ಎಂಬ ಗಣ್ಯರು ಮಹಿಳೆಯರ ಹೊಡೆತ ಎಪ್ಪತ್ತು ಎಂಬತ್ತು ಗಜ ಮೀರಬಾರದೆಂದು ಬರೆದರು. ಕಾರಣವಾಗಿ ಅವರು ಮುಂದಿಟ್ಟದ್ದು ತೋಳಿನ ಬಲವನ್ನಲ್ಲ, ಉದ್ದನೆಯ ಉಡುಪಿನಲ್ಲಿ ಪೂರ್ಣ ಹೊಡೆತದ ಭಂಗಿ ಚೆಂದ ಕಾಣುವುದಿಲ್ಲ ಎಂಬುದನ್ನು.

1893ರ ಏಪ್ರಿಲ್ 19ರಂದು ಲಂಡನ್ನಿನಲ್ಲಿ ಲೇಡೀಸ್ ಗಾಲ್ಫ್ ಯೂನಿಯನ್ ಸ್ಥಾಪನೆಯಾಯಿತು. ಅದರ ಹಿಂದೆ ಇದ್ದವರು ವಿಂಬಲ್ಡನ್ನಿನ ಆಟಗಾರ್ತಿ ಇಸೆಟ್ ಪಿಯರ್ಸನ್ ಮತ್ತು ಅವರ ಬೆಂಬಲಕ್ಕೆ ನಿಂತ ವೈದ್ಯ ಲೇಡ್ಲಾ ಪರ್ವೆಸ್. ಸಂಘದ ಯೋಚನೆಯನ್ನು ಕೇಳಿದ ಹೊರೇಸ್ ಹಚಿನ್ಸನ್, ತಾವೇ ಹವ್ಯಾಸಿ ಚಾಂಪಿಯನ್ ಆಗಿದ್ದವರು, ಹೆಂಗಸರು ಒಟ್ಟಾಗಿ ಯಾವ ಯೋಜನೆಯನ್ನೂ ದಡ ಮುಟ್ಟಿಸಲಾರರು, ಕಾರಣವಿಲ್ಲದೆಯೂ ಜಗಳವಾಡಿ ಬೇರ್ಪಡುತ್ತಾರೆ ಎಂಬರ್ಥದ ಪತ್ರ ಬರೆದು ಎಚ್ಚರಿಸಿದ್ದರು. ಅದೇ ವರ್ಷದ ಜೂನ್‌ನಲ್ಲಿ ಸೇಂಟ್ ಆನ್ಸ್‌ನಲ್ಲಿ ಮೊದಲ ಬ್ರಿಟಿಷ್ ಮಹಿಳಾ ಚಾಂಪಿಯನ್‌ಷಿಪ್ ನಡೆದೇಹೋಯಿತು. ಮೂವತ್ತೆಂಟು ಮಂದಿ ಹೆಸರು ಕೊಟ್ಟಿದ್ದರು. ಫೈನಲ್‌ನಲ್ಲಿ ಲೇಡಿ ಮಾರ್ಗರೆಟ್ ಸ್ಕಾಟ್ ಪಿಯರ್ಸನ್ ಅವರನ್ನು 'ಏಳು ಮತ್ತು ಐದು' ಅಂತರದಲ್ಲಿ, ಎಂದರೆ ಇನ್ನು ಐದೇ ಹೋಲ್ (ಚೆಂಡು ಸೇರಿಸಬೇಕಾದ ಕುಳಿ; ಇಲ್ಲಿ ಒಂದೊಂದು ಕುಳಿಯ ಗೆಲುವೂ ಬೇರೆ ಬೇರೆ ಲೆಕ್ಕ) ಉಳಿದಿರುವಾಗ ಏಳು ಹೋಲ್‌ಗಳಿಂದ ಮುಂದಿದ್ದು, ಸೋಲಿಸಿದರು. ಮರುವರ್ಷ ಲಿಟಲ್‌ಸ್ಟೋನ್‌ನ ಫೈನಲ್‌ನಲ್ಲಿ ಅದೇ ಇಬ್ಬರು, ಅದೇ ಫಲಿತಾಂಶ, ಅಂತರ ಮಾತ್ರ ಮೂರು ಮತ್ತು ಎರಡು. 1895ರಲ್ಲಿ ಪೋರ್ಟ್‌ರಷ್‌ನಲ್ಲಿ ಮೂರನೆಯ ಬಾರಿ ಗೆದ್ದ ಸ್ಕಾಟ್ ಈ ಚಾಂಪಿಯನ್‌ಷಿಪ್‌ಗೆ ಬೆನ್ನು ತಿರುಗಿಸಿ ನಡೆದರು.

ಎರಡು ಸಲ ಸೋತ ಪಿಯರ್ಸನ್ ಯೂನಿಯನ್ನಿನ ಕಾರ್ಯದರ್ಶಿಯಾಗಿ ಮೇಜಿನ ಮುಂದೆ ಕುಳಿತರು, ಮತ್ತು ನನ್ನ ವೃತ್ತಿಯ ಕಣ್ಣಿಗೆ ಆ ಕಾಲದ ಅತಿ ದೊಡ್ಡ ಸಾಧನೆ ಆ ಮೇಜಿನಿಂದ ಬಂದದ್ದು. ಅಂದಿನ ಕ್ಲಬ್ಬುಗಳಲ್ಲಿ ಹ್ಯಾಂಡಿಕ್ಯಾಪ್ ಎಂಬುದು ಮನೆಯ ಸೇರು ಪಾವುಗಳಂತಿತ್ತು: ಕ್ಲಬ್ಬಿನ ಅತ್ಯುತ್ತಮ ಆಟಗಾರ್ತಿಯನ್ನು ಸೊನ್ನೆಗೆ ನಿಲ್ಲಿಸಿ ಉಳಿದವರನ್ನು ಅವರಿಗೆ ಹೋಲಿಸಿ ಅಳೆಯುತ್ತಿದ್ದರು. ಹಾಗಾಗಿ ಒಂದು ಊರಿನ ಐದು ಇನ್ನೊಂದು ಊರಿನ ಹದಿನೈದಕ್ಕೆ ಸಮವಾಗಿರಲು ಸಾಧ್ಯವಿತ್ತು, ಮತ್ತು ಎರಡು ಊರಿನವರು ಕೂಡಿ ಆಡಿದಾಗ ಯಾರಿಗೆ ಎಷ್ಟು ಹೊಡೆತ ಬಿಟ್ಟುಕೊಡಬೇಕೆಂಬುದೇ ಜಗಳವಾಗುತ್ತಿತ್ತು. ಯೂನಿಯನ್ ಈ ಅಳತೆಯನ್ನು ವ್ಯಕ್ತಿಯಿಂದ ಬಿಡಿಸಿ ನೆಲಕ್ಕೆ ಕಟ್ಟಿತು. ಪ್ರತಿ ಕೋರ್ಸಿಗೂ, ಎಂದರೆ ಆಟದ ಅಂಗಳಕ್ಕೂ, ಒಂದು ನಿಗದಿತ ಪಾರ್ (ನುರಿತವರಿಗೆ ಅಲ್ಲಿ ಬೇಕಾಗುವ ಹೊಡೆತಗಳ ಸಂಖ್ಯೆ), ಆ ಪಾರ್‌ಗೆ ಹೋಲಿಸಿ ಸಲ್ಲಿಕೆಯಾದ ಕಾರ್ಡುಗಳು, ಆ ಕಾರ್ಡುಗಳಿಂದ ಹ್ಯಾಂಡಿಕ್ಯಾಪ್. ಇದನ್ನು ಒಪ್ಪದ ಕ್ಲಬ್ಬುಗಳ ಜೊತೆ ಪಿಯರ್ಸನ್ ಮೃದುವಾಗಿರಲಿಲ್ಲ. ಲೆಕ್ಕ ಇಡುವವರು ಮೃದುವಾದರೆ ಲೆಕ್ಕ ಉಳಿಯುವುದಿಲ್ಲ ಎಂಬುದನ್ನು ನಾನೂ ಅನುಭವದಿಂದ ಬಲ್ಲೆ. ಕಾರಣವಿಲ್ಲದೆ ಜಗಳವಾಡುತ್ತಾರೆ ಎಂದಿದ್ದ ಹಚಿನ್ಸನ್ನರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ, ಏಕೆಂದರೆ ಜಗಳದ ಕಾರಣವನ್ನೇ ಆ ಸಂಘ ತೆಗೆದುಹಾಕಿತ್ತು.

ಅಮೆರಿಕದಲ್ಲಿ ಆರಂಭ ಸಣ್ಣದು. 1895ರ ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಮೆಡೋ ಬ್ರೂಕ್ ಕ್ಲಬ್ಬಿನಲ್ಲಿ ಅಲ್ಲಿನ ಮೊದಲ ಮಹಿಳಾ ಹವ್ಯಾಸಿ ಚಾಂಪಿಯನ್‌ಷಿಪ್‌ನಲ್ಲಿ ಹದಿಮೂರು ಮಂದಿ ಆಡಿದರು, ಊಟಕ್ಕೆ ಮೊದಲು ಒಂಬತ್ತು ಹೋಲ್, ಊಟದ ನಂತರ ಒಂಬತ್ತು. ಲೂಸಿ ಬಾರ್ನ್ಸ್ ಬ್ರೌನ್ 132 ಹೊಡೆತಗಳಿಗೆ ಗೆದ್ದರು. ಮರುವರ್ಷದಿಂದ ಸತತ ಮೂರು ಸಲ ಗೆದ್ದ ಬಿಯಾಟ್ರಿಕ್ಸ್ ಹಾಯ್ಟ್‌ಗೆ ಮೊದಲ ಗೆಲುವಿನ ಹೊತ್ತಿಗೆ ಹದಿನಾರು ವರ್ಷ.

ದಾಖಲೆಯಿಲ್ಲದ ಸ್ಪರ್ಧೆಯ ಗತಿ ಏನೆಂಬುದಕ್ಕೆ 1900ರ ಅಕ್ಟೋಬರಿನಲ್ಲಿ ಪ್ಯಾರಿಸ್ ಬಳಿಯ ಕಾಂಪಿಯೆನ್‌ನಲ್ಲಿ ನಡೆದ ಪಂದ್ಯವೇ ಸಾಕ್ಷಿ. ಹತ್ತು ಮಂದಿ ಒಂಬತ್ತು ಹೋಲ್ ಆಡಿದರು. ಕಲೆ ಕಲಿಯಲು ಪ್ಯಾರಿಸ್‌ಗೆ ಬಂದಿದ್ದ ಅಮೆರಿಕದ ಮಾರ್ಗರೆಟ್ ಅಬಟ್ (ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ, 1878ರಲ್ಲಿ) 47 ಹೊಡೆತಗಳಿಗೆ ಗೆದ್ದರು. ಅದೇ ಪಂದ್ಯದಲ್ಲಿ ಅವರ ತಾಯಿಯೂ ಆಡಿದ್ದರು. ಅದು ಒಲಿಂಪಿಕ್ಸ್‌ನ ಭಾಗವೆಂದು ಸ್ಪಷ್ಟವಾಗಿ ಯಾರೂ ತಿಳಿಸಿರಲಿಲ್ಲ. ಅಬಟ್ 1955ರಲ್ಲಿ ತೀರಿಕೊಂಡರು, ತಾವು ಒಲಿಂಪಿಕ್ ಚಾಂಪಿಯನ್ ಎಂಬುದು ತಿಳಿಯದೆ. ಮಹಿಳಾ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿದ್ದು 2016ರಲ್ಲಿ; ಆ ರಿಯೊ ಕೂಟದಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡಿದರು, ಮುಂದೆ ಟೋಕಿಯೊದಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು.

ಅಳತೆಗೋಲು ಸಿದ್ಧವಿದ್ದಾಗ ಏನಾಗಬಹುದೆಂಬುದು 1910ರ ಅಕ್ಟೋಬರಿನಲ್ಲಿ ಕಂಡಿತು. ಬ್ರಿಟನ್ನಿನ ಓಪನ್ ಚಾಂಪಿಯನ್‌ಷಿಪ್ ಅನ್ನು ಎರಡು ಬಾರಿ ಗೆದ್ದಿದ್ದ ಹೆರಾಲ್ಡ್ ಹಿಲ್ಟನ್, ಹತ್ತೊಂಬತ್ತು ವರ್ಷದ ಸೆಸಿಲ್ ಲೀಚ್ ಅವರ ವಿರುದ್ಧ ಎಪ್ಪತ್ತೆರಡು ಹೋಲ್‌ಗಳ ಪಂದ್ಯಕ್ಕೆ ಒಪ್ಪಿದರು. ಅರ್ಧ ಆಟ ವಾಲ್ಟನ್ ಹೀತ್‌ನಲ್ಲಿ, ಇನ್ನರ್ಧ ಸನಿಂಗ್‌ಡೇಲ್‌ನಲ್ಲಿ. ಎರಡು ಹೋಲಿಗೆ ಒಂದರಂತೆ ಹಿಲ್ಟನ್ ಲೀಚ್‌ಗೆ ಹೊಡೆತ ಬಿಟ್ಟುಕೊಡಬೇಕೆಂಬುದು ಒಪ್ಪಂದ. ಒಂದು ಹಂತದಲ್ಲಿ ಹಿಂದೆ ಬಿದ್ದಿದ್ದ ಲೀಚ್ ಕೊನೆಗೆ ಎರಡು ಮತ್ತು ಒಂದು ಅಂತರದಲ್ಲಿ ಗೆದ್ದರು. ಮತದಾನದ ಹಕ್ಕಿಗಾಗಿ ಹೋರಾಟ ಬಿಸಿಯೇರಿದ್ದ ದಿನಗಳವು, ಹಾಗಾಗಿ ಗೆಲುವಿಗೆ ಆಟದಾಚೆಯ ಅರ್ಥವೂ ಸೇರಿಕೊಂಡಿತು. ನನ್ನ ಗಮನ ಮಾತ್ರ ಪ್ರತಿ ಸಲ ಆ 'ಎರಡು ಹೋಲಿಗೆ ಒಂದು' ಎಂಬ ಷರತ್ತಿನ ಮೇಲೆಯೇ ನಿಲ್ಲುತ್ತದೆ. ಒಂದು ತಲೆಮಾರಿನ ಹಿಂದೆ ಮಹಿಳೆಗೂ ಪುರುಷನಿಗೂ ನಡುವಿನ ಅಂತರವನ್ನು ಭಂಗಿ, ಉಡುಪು, ಮರ್ಯಾದೆಗಳಲ್ಲಿ ಹೇಳುತ್ತಿದ್ದರು. ಆ ದಿನ ಅದನ್ನು ಎಪ್ಪತ್ತೆರಡು ಹೋಲಿಗೆ ಮೂವತ್ತಾರು ಹೊಡೆತ ಎಂದು ಬರೆದುಕೊಂಡರು, ಮತ್ತು ಅಷ್ಟು ಬಿಟ್ಟುಕೊಟ್ಟದ್ದು ಹಿಲ್ಟನ್ನರಿಗೆ ದುಬಾರಿಯಾಯಿತು.