ಕೊಳಚೆ ನೀರು ಮನೆ, ಅಂಗಡಿ ಒಳಗೆ ಉಕ್ಕಿದ್ರೆ ಕ್ಲೀನಿಂಗ್ ಹೆಂಗೆ: ಅಧ್ಯಯನ ಟಿಪ್ಪಣಿ

ಈ ಪಾಠದಲ್ಲಿ ನಾವು ಸುಮಾರು ಜನ ಎಡವೋದು ಒಂದೇ ಕಡೆ. ಕೊಳಚೆ ನೀರು ಅಂದ ತಕ್ಷಣ ಬ್ಲೀಚ್ ಸುರಿಬೇಕು, ಫ್ಯಾನ್ ಹಾಕಿ ಒಣಗಿಸ್ಬೇಕು ಅಂತ ಬರೀತೀವಿ. ಎರಡೂ ಬೇಕು, ಆದ್ರೆ ಎರಡೂ ಕೊನೇಲಿ ಬರೋ ಕೆಲಸ. ತೆಗಿ, ತೊಳಿ, ಕ್ರಿಮಿ ಕೊಲ್ಲು, ಆಮೇಲೆ ಒಣಗಿಸು. ಈ ನಾಲ್ಕರ ಸರದಿ ಯಾಕೆ ಹಿಂಗೇ ಇದೆ ಅಂತ ಗೊತ್ತಾದ್ರೆ ಮಿಕ್ಕಿದ್ದು ಬಾಯಿಪಾಠ ಮಾಡೋದೇ ಬೇಡ.

ಮೊದಲು ನೀರಿನ ಜಾತಿ ನೋಡೋಣ. ಈ ಕೆಲಸದವರು ಪಾಲಿಸೋ ಐಐಸಿಆರ್‌ಸಿ ಎಸ್500 ಅನ್ನೋ ಮಾನದಂಡದಲ್ಲಿ 3 ಕೆಟಗರಿ ಇದೆ. ನಲ್ಲಿ ಪೈಪ್ ಒಡೆದು ಬಂದ ಶುದ್ಧ ನೀರು 1, ವಾಷಿಂಗ್ ಮಷಿನ್ ನೀರಿನ ಥರದ್ದು 2, ಒಳಚರಂಡಿ ನೀರು 3. ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ ಕಮೋಡಿನ ಟ್ರ್ಯಾಪ್ (ಯಾವಾಗಲೂ ನೀರು ನಿಂತಿರೋ ಬಾಗಿದ ಪೈಪು) ದಾಟಿ ಆಚೆಯಿಂದ ವಾಪಸ್ ಬಂದ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿ ಕಾಣ್ಲಿ, ವಾಸನೆ ಇಲ್ದೇ ಇರ್ಲಿ, ಅದು 3ನೇದೇ. ಇನ್ನೊಂದು, 1ನೇ ಕೆಟಗರಿ ನೀರನ್ನ ಹಂಗೇ ಬಿಟ್ರೆ ದಿನ ಕಳೆದಂಗೆ ಕೆಟ್ಟು 2, 3ನೇ ಕೆಟಗರಿಗೆ ಇಳಿಯುತ್ತೆ, ಆದ್ರೆ 3 ಇದ್ದಿದ್ದು ತಾನಾಗಿ ಯಾವತ್ತೂ 1 ಆಗಲ್ಲ.

ಒಳಗೆ ಕಾಲಿಡೋ ಮುಂಚೆ ಎರಡು ಕೆಲಸ. ಕಟ್ಟಡದಲ್ಲಿ ಯಾರೂ ನೀರು ಬಳಸ್ದಂಗೆ ಹೇಳ್ಬೇಕು, ಯಾಕಂದ್ರೆ ಮೇನ್ ಲೈನ್ ಕಟ್ಕೊಂಡಿದ್ರೆ ಮೇಲಿನ ಮಹಡಿಲಿ ಒಬ್ರು ಫ್ಲಶ್ ಮಾಡಿದ್ದು ಕೆಳಗಿನ ಬಾತ್‌ರೂಮಿನ ನೆಲದ ಜಾಲಿಯಿಂದ ಗುಳುಗುಳು ಅಂತ ಮೇಲೆ ಬರುತ್ತೆ, ಎಲ್ಲಕ್ಕಿಂತ ತಗ್ಗಲ್ಲಿರೋ ಬಾಯಲ್ಲೇ ಮೊದಲು ಉಕ್ಕೋದು. ಎರಡನೇದು ಕರೆಂಟ್: ನೀರಲ್ಲಿ ನಿಂತ್ಕೊಂಡು ಸ್ವಿಚ್ ಬೋರ್ಡ್ ಮುಟ್ಬಾರ್ದು, ಒಣ ಜಾಗದಿಂದ ಮೇನ್ ಆಫ್ ಮಾಡೋಕೆ ಆಗದಿದ್ರೆ ಎಲೆಕ್ಟ್ರಿಷಿಯನ್ ಬರೋ ತನಕ ಕಾಯೋದೇ. ಎಸಿ ಡಕ್ಟ್ ಇದ್ರೆ ಅದನ್ನೂ ನಿಲ್ಲಿಸ್ಬೇಕು, ಇಲ್ಲಾಂದ್ರೆ ಒಂದು ರೂಮಿನ ಗಾಳಿ ಎಲ್ಲಾ ರೂಮಿಗೂ ಹೋಗುತ್ತೆ.

ನೆಲಮಾಳಿಗೆ ಥರ ಮುಚ್ಚಿದ ಜಾಗ ಆದ್ರೆ ವಿಷಗಾಳಿ ಅಳೆಯೋ ಗ್ಯಾಸ್ ಮೀಟರ್ ಇಲ್ದೆ ಇಳೀಬೇಡಿ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆ ವಾಸನೆ ಹೊಡಿಯುತ್ತೆ ಅಂತ ಎಲ್ರಿಗೂ ಗೊತ್ತು, ಆದ್ರೆ ಸುಮಾರು 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಮುಟ್ಟಿದ್ರೆ ಮೂಗೇ ಸೋತು ಹೋಗುತ್ತೆ, ವಾಸನೆ ಗೊತ್ತಾಗೋದು ನಿಂತ್ಹೋಗುತ್ತೆ. ಹಂಗಾಗಿ ವಾಸನೆ ಕಡಿಮೆ ಆಯ್ತು ಅಂತ ಧೈರ್ಯ ಮಾಡಿ ಮುಂದೆ ಹೋದವರೇ ಅಪಾಯಕ್ಕೆ ಸಿಕ್ಕೋದು. ಗಮ್ ಬೂಟು, ದಪ್ಪ ರಬ್ಬರ್ ಗ್ಲೌಸು, ಕಣ್ಣಿಗೆ ಸರಿಯಾಗಿ ಕೂರೋ ಗಾಗಲ್ಸು, ಮಾಸ್ಕು, ಮೈ ಮುಚ್ಚೋ ಸೂಟು ಇವೆಲ್ಲ ಇದ್ದೇ ಇರ್ಬೇಕು.

ಈಗ ತೆಗೆಯೋ ಕೆಲಸ, ಇದೇ ಮನೆಯವರಿಗೆ ಹೊಟ್ಟೆ ಉರಿಸೋದು. ನೀರು ಹೀರೋ ವಸ್ತು ಉಳಿಯಲ್ಲ: ಹಾಸಿಗೆ, ದಿಂಬು, ಕಾರ್ಪೆಟ್ಟು ಅದರ ಕೆಳಗಿನ ಮೆತ್ತೆ, ಫೋಮ್ ಸೋಫಾ, ಪಾರ್ಟಿಕಲ್ ಬೋರ್ಡ್, ಜಿಪ್ಸಂ ಬೋರ್ಡ್. ಟೈಲ್ಸ್, ಗಾಜು, ಸ್ಟೀಲು, ಗಟ್ಟಿ ಪ್ಲಾಸ್ಟಿಕ್ ಉಳಿಯುತ್ತೆ. ಗಟ್ಟಿ ಮರ, ಕಾಂಕ್ರೀಟು ಮಧ್ಯದ್ದು, ತೊಳೆದು ಒಣಗಿಸಿ ಅಳತೆ ಮಾಡಿ ತೀರ್ಮಾನ ಮಾಡ್ಬೇಕು. ಅಂಗಡಿ, ಹೋಟೆಲ್ ಆದ್ರೆ ಕೊಳಚೆ ತಾಗಿದ ಆಹಾರ ಎಲ್ಲಾ ಆಚೆ, ಮುಚ್ಚಳ ತಿರುಗಿಸೋ ಬಾಟಲಿ ಕೂಡ, ಯಾಕಂದ್ರೆ ಮುಚ್ಚಳದ ಸುರುಳಿ ಒಳಗೆ ಕೊಳೆ ಕೂತಿರುತ್ತೆ, ಅದನ್ನ ಪೂರ್ತಿ ತೆಗೆಯೋಕೆ ಆಗಲ್ಲ.

ಜಿಪ್ಸಂ ಬೋರ್ಡ್ ಬಗ್ಗೆ ಎಕ್ಸಾಮಲ್ಲಿ ಕೇಳ್ತಾರೆ. ನೀರು ಗೋಡೆ ಬುಡದಲ್ಲಿ 2 ಇಂಚು ಮಾತ್ರ ನಿಂತಿತ್ತು ಅಂತ 2 ಇಂಚೇ ಕತ್ತರಿಸೋದಲ್ಲ. ಒಂದು ಟಿಶ್ಯೂ ಪೇಪರ್ ತುದಿನ ನೀರಿಗೆ ತಾಗಿಸಿ ಹಿಡ್ಕೊಳ್ಳಿ, ತಾಗದೇ ಇರೋ ಮೇಲಿನ ಭಾಗನೂ ನೋಡ್ತಾ ನೋಡ್ತಾ ಒದ್ದೆ ಆಗುತ್ತಲ್ಲ, ಬೋರ್ಡಿನ ಒಳಗೂ ಅದೇ ಆಗೋದು. ಹೊರಗಡೆ ಪೇಂಟ್ ಒಣಗಿ ನೀಟಾಗಿ ಕಾಣುತ್ತೆ, ಕೆಳಗಿನ ಸ್ಕರ್ಟಿಂಗ್ ಪಟ್ಟಿ ಕಿತ್ತು ನೋಡಿದ್ರೆ ಹಿಂದೆ ಕಪ್ಪು ಕೆಸರಿನ ಗೆರೆ ಇರುತ್ತೆ, ಬೆರಳಿಟ್ರೆ ಬೋರ್ಡು ಮೆತ್ತಗೆ ಒಳಕ್ಕೆ ಹೋಗುತ್ತೆ. ಅದಕ್ಕೇ ಮಾಯಿಶ್ಚರ್ ಮೀಟರಲ್ಲಿ ತೇವ ಎಲ್ಲಿ ತನಕ ಏರಿದೆ ಅಂತ ನೋಡಿ, ಅದಕ್ಕಿಂತ ಮೇಲಕ್ಕೆ ಕತ್ತರಿಸೋದು.

ತೊಳೆಯೋದು ಯಾಕೆ ಕ್ರಿಮಿ ಕೊಲ್ಲೋದಕ್ಕಿಂತ ಮುಂಚೆ? ಬ್ಲೀಚಲ್ಲಿರೋ ಕ್ಲೋರಿನ್ ಕೊಳೆ ಜೊತೆಗೇ ರಿಯಾಕ್ಟ್ ಆಗಿ ಖರ್ಚಾಗಿ ಹೋಗುತ್ತೆ. 5% ಬ್ಲೀಚ್ ಅಂದ್ರೆ ಸುಮಾರು 50,000 ಪಿಪಿಎಂ, ಅದರಲ್ಲಿ 20 ಎಂಎಲ್ ತಗೊಂಡು ನೀರು ಸೇರಿಸಿ 1 ಲೀಟರ್ ಮಾಡಿದ್ರೆ 1,000 ಪಿಪಿಎಂ. ಕೆಸರು ಇರೋ ನೆಲದ ಮೇಲೆ ಇದನ್ನ ಚೆಲ್ಲಿದ್ರೆ ಲೆಕ್ಕದಲ್ಲಿ ಮಾತ್ರ 1,000, ನೆಲದ ಮೇಲೆ ಕ್ರಿಮಿಗೆ ತಾಗೋಕೆ ಎಷ್ಟು ಉಳಿಯುತ್ತೆ ಅಂತ ಯಾರೂ ಹೇಳೋಕಾಗಲ್ಲ. ಇನ್ನೂ ದೊಡ್ಡ ಕಾರಣ ಇದೆ, ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿ ಜೀವಿ, ಜಂತುಹುಳದ ಮೊಟ್ಟೆ, ಇವು ಕ್ಲೋರಿನ್‌ಗೆ ಸುಲಭವಾಗಿ ಜಗ್ಗಲ್ಲ. ಅವುಗಳನ್ನ ಸೋಪು, ಬ್ರಷ್ಷು ಹಿಡಿದು ಉಜ್ಜಿ ಆ ಜಾಗದಿಂದಲೇ ಆಚೆ ಹಾಕ್ಬೇಕು. ನನ್ನ ಕೇಳಿದ್ರೆ ಇಡೀ ಕೆಲಸದಲ್ಲಿ ಉಜ್ಜೋದಕ್ಕೆ ಸಮನಾದ ಕೆಮಿಕಲ್ ಇಲ್ಲ.

ಆಮೇಲೆ ಹಾಕೋ ಔಷಧಿ ಲೇಬಲ್ ಮೇಲೆ ಎಷ್ಟು ನಿಮಿಷ ಅಂತ ಇರುತ್ತೋ ಅಷ್ಟೂ ಹೊತ್ತು ಜಾಗ ಒದ್ದೆಯಾಗೇ ಇರ್ಬೇಕು, ಹಾಕಿದ ತಕ್ಷಣ ಒರೆಸಿದ್ರೆ ಹಾಕಿಲ್ಲದಂಗೇ ಲೆಕ್ಕ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯೋ ಆಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸ್, ಅಮೋನಿಯಾ ಸೇರಿದ್ರೆ ಕ್ಲೋರಮೀನ್, ಎರಡೂ ಶ್ವಾಸಕೋಶ ಸುಡುತ್ತೆ. ದಯವಿಟ್ಟು ಇದನ್ನ ಮರೀಬೇಡಿ.

ಫ್ಯಾನ್ ಕೊನೇಲಿ ಯಾಕೆ ಅಂತ ಈಗ ಹೊಳೆದಿರ್ಬೇಕು. ಕೊಳಚೆ ಇರೋವಾಗಲೇ ಜೋರು ಗಾಳಿ ಬಿಟ್ರೆ ಸಣ್ಣ ಹನಿ, ಧೂಳು ಎದ್ದು ಶುದ್ಧ ಇದ್ದ ರೂಮಿಗೂ ಅಂಟುತ್ತೆ. ಅದಕ್ಕೆ ಕೆಲಸ ನಡೆಯೋ ಜಾಗಕ್ಕೆ ಪ್ಲಾಸ್ಟಿಕ್ ಶೀಟ್ ಕಟ್ಟಿ, 0.3 ಮೈಕ್ರಾನ್ ಕಣ 99.97% ಹಿಡಿಯೋ ಹೆಪಾ ಫಿಲ್ಟರ್ ಮಷಿನ್ನಿಂದ ಗಾಳಿನ ಹೊರಗೆ ಎಳೀತಾರೆ, ಆಗ ಗಾಳಿ ಶೀಟಿನ ಹೊರಗಿಂದ ಒಳಕ್ಕೆ ಬರುತ್ತೇ ಹೊರತು ಒಳಗಿನ ಗಾಳಿ ಮನೆ ಕಡೆಗೆ ಹೋಗಲ್ಲ. ಶೀಟು ಒಳಕ್ಕೆ ಉಬ್ಬಿದ್ರೆ ಸರಿ ಇದೆ ಅಂತ ಗುರುತು.

ಹಂಗಂತ ತಡ ಮಾಡೋಕೂ ಆಗಲ್ಲ, ಒದ್ದೆ ಜಾಗದಲ್ಲಿ 24ರಿಂದ 48 ಗಂಟೆ ಒಳಗೆ ಬೂಷ್ಟು ಶುರುವಾಗಬಹುದು. ತೊಳೆದು ಔಷಧಿ ಹಾಕಿ ಆದ ಮೇಲೆ ಡಿಹ್ಯುಮಿಡಿಫೈಯರ್ (ಗಾಳಿಲಿರೋ ತೇವ ಎಳೆಯೋ ಮಷಿನ್), ಏರ್ ಮೂವರ್ (ಜೋರು ಗಾಳಿ ಬೀಸೋ ಫ್ಯಾನ್) ಎರಡನ್ನೂ ಹಾಕಿ ದಿನಾ ಮೀಟರ್ ಓದಿ ಬರ್ಕೋಬೇಕು. ಎಷ್ಟು ಬಂದ್ರೆ ಒಣಗಿದಂಗೆ ಅನ್ನೋದಕ್ಕೆ ಅದೇ ಕಟ್ಟಡದಲ್ಲಿ ನೀರು ತಾಗದ ಅದೇ ಥರದ ಮರ, ಅದೇ ಥರದ ಗೋಡೆ ಓದಿ ಇಟ್ಕೊಳ್ಳೋದು, ಅದಕ್ಕೆ ಹತ್ತಿರ ಬರೋ ತನಕ, ಲೈನ್ ಕಟ್ಕೊಂಡಿದ್ದು ಮರದ ಬೇರಿಂದನಾ, ಜಿಡ್ಡಿಂದನಾ, ವೆಟ್ ವೈಪ್ಸಿಂದನಾ ಅಂತ ಪೈಪಿನೊಳಗೆ ಕ್ಯಾಮೆರಾ ಇಳಿಸಿ ನೋಡಿ ಸರಿ ಮಾಡೋ ತನಕ, ಹೊಸ ಬೋರ್ಡ್ ಹೊಡೆಯೋ ಹಂಗಿಲ್ಲ.